ಪರಿಚಾರಕರ ದಣಿವು: ‘ಸಂಸ್ಕಾರ’ ಕಾದಂಬರಿಯನ್ನು ಕುರಿತು ಒಂದು ವಿಚಾರ

೧

ರೋಗವನ್ನೂ ರೋಗಿಯನ್ನೂ ವರ್ಣಿಸುವುದರಲ್ಲಿ ನಮ್ಮ ಸಾಹಿತ್ಯವು ಎಂದೂ ಹಿಂಜರಿದುದಿಲ್ಲ. ಕುಷ್ಠ, ಕ್ಷಯ, ಪ್ಲೇಗು, ಉನ್ಮಾದ ಮುಂತಾದುವು ಪುರಾಣಕಥೆಗಳಲ್ಲಿಯೂ ಈಚಿನ ಕಾದಂಬರಿಗಳಲ್ಲಿಯೂ ಬೇಕಾದಷ್ಟು ಬಂದಿವೆ. ಆದರೆ ರೋಗಿಯ ಹಾಸಿಗೆಯ ಮಗ್ಗುಲಲ್ಲಿ ವರ್ಷಗಟ್ಟಲೆ ನಿಂತ ಮನೆಯವರ ಮೈಗೂ ಮನಸ್ಸಿಗೂ ಏನಾಗುತ್ತದೆಂಬ ಪ್ರಶ್ನೆಯನ್ನು ಆ ಸಾಹಿತ್ಯವು ಎಷ್ಟರಮಟ್ಟಿಗೆ ಎತ್ತಿದೆ, ಎತ್ತಿದ ಕಡೆ ಏನು ಉತ್ತರವನ್ನು ಕೊಟ್ಟಿದೆ ಎಂಬುದು ವಿಚಾರಾರ್ಹವಾದ ವಿಷಯ. ಪ್ರಕೃತ ಲೇಖನದಲ್ಲಿ ಇದನ್ನು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (೧೯೬೫) ಕಾದಂಬರಿಯನ್ನು ಮುಖ್ಯ ಆಧಾರವಾಗಿ ಇಟ್ಟುಕೊಂಡು ಪರಿಶೀಲಿಸಬೇಕೆಂದು ಉದ್ದೇಶ. ಆ ಕಾದಂಬರಿಯನ್ನು ಧರ್ಮದ ಬಿಕ್ಕಟ್ಟಿನ ಕಥೆಯೆಂದು ಓದುವುದು ರೂಢಿಯಾಗಿದೆ. ಅದು ರೋಗಿಯನ್ನು ನೋಡಿಕೊಳ್ಳುವವನೊಬ್ಬನ ಕಥೆಯೂ ಹೌದೆಂಬುದು ಇಲ್ಲಿಯ ವಾದ.

ಇದು ಕೇವಲ ಪಂಡಿತರ ಕುತೂಹಲದ ವಿಷಯವಲ್ಲ. ಮಾಗಡಿ ಸೀಮೆಯ ಸೋಲೂರನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ನೆಲಮಂಗಲದಿಂದ ಕುಣಿಗಲಿಗೆ ಹೋಗುವ ಹೆದ್ದಾರಿಯು ಈ ಊರನ್ನು ಹಾದುಹೋಗುತ್ತದೆ. ೨೦೧೭ರಲ್ಲಿ ಪೂರ್ತಿಯಾದ ಬೆಂಗಳೂರು-ಹಾಸನ ರೈಲುದಾರಿಯೂ ಈ ಸೀಮೆಯ ಮೇಲೆಯೇ ಹೋಗಿದೆ. ದಾರಿ ಸಲೀಸಾದಷ್ಟೂ ದುಡಿಯುವ ವಯಸ್ಸಿನವರು ಹೊತ್ತಾರೆ ಪಟ್ಟಣದ ಕಡೆಗೆ ಹೊರಟು ಇರುಳಿಗೆ ಹಿಂತಿರುಗುವುದು, ಅಥವಾ ಅಲ್ಲಿಯೇ ನೆಲಸುವುದು, ಇಂಥ ಊರುಗಳ ಸಹಜ ಗತಿ. ಪಾರ್ಶ್ವವಾಯು ಬಡಿದ ಮಾವನೋ, ಮರೆವಿನ ರೋಗ ಹತ್ತಿದ ಅತ್ತೆಯೋ, ಬುದ್ಧಿ ಕದಡಿದ ಮೈದುನನೋ ಇರುವ ಮನೆಯಲ್ಲಿ ಹಗಲೆಲ್ಲ ಜೊತೆಗೆ ಉಳಿಯುವವರು ಅನೇಕವೇಳೆ ಒಬ್ಬರೇ. ಅವರು ಸೊಸೆಯಾಗಿರುತ್ತಾರೆ, ಇಲ್ಲವೆ ತಾವೇ ವಯಸ್ಸಾದ ಹೆಂಡತಿಯಾಗಿರುತ್ತಾರೆ. ಹತ್ತು ಜನರಿದ್ದ ಒಟ್ಟುಮನೆಯಲ್ಲಿ ಹಂಚಿಹೋಗಬಹುದಾಗಿದ್ದ ಭಾರವು ಹೀಗೆ ಒಂದೇ ಹೆಗಲಿಗೆ ಬೀಳುತ್ತದೆ. ಆದರೆ ಆ ಹೆಗಲಿನ ವಿಚಾರದಲ್ಲಿ ನಾವು ಆಡುವ ಮಾತುಗಳು ಮಾತ್ರ ಹಳೆಯವೇ. ಆ ಮಾತುಗಳನ್ನು ನಮಗೆ ಕಲಿಸಿದವು ಪುರಾಣ, ಕಾವ್ಯ, ಕಾದಂಬರಿಗಳು. ಆದುದರಿಂದ ಅವನ್ನು ಪರೀಕ್ಷಿಸುವುದು ವಿಮರ್ಶೆಯ ಕೆಲಸವೇ ಆಗಿದೆ.

೨

ಮೊದಲು ಶಬ್ದಗಳನ್ನು ನೋಡೋಣ. ‘ಶುಶ್ರೂಷೆ’ ಎಂಬುದು ಸಂಸ್ಕೃತದ ‘ಶ್ರು’ ಧಾತುವಿನ ಸನ್ನಂತರೂಪದಿಂದ ಹುಟ್ಟಿದುದು; ಕೇಳಬೇಕೆಂಬ ಇಚ್ಛೆ ಎಂಬುದು ಅದರ ಮೂಲಾರ್ಥ. ಗುರುವಿನ ಮಾತಿಗೆ ಕಿವಿಗೊಟ್ಟು ಕಾದಿರುವ ಶಿಷ್ಯನ ವಿಧೇಯತೆ ಅದರಿಂದ ಸೂಚಿತವಾಗಿ, ವಿಧೇಯತೆಯು ಸೇವೆಯೆಂಬ ಅರ್ಥಕ್ಕೆ ತಿರುಗಿ, ಕಡೆಗೆ ರೋಗಿಯ ಸೇವೆಯೆಂದು ನೆಲೆನಿಂತಿತು. ‘ಪರಿಚಾರಕ’ ಎಂದರೆ ಸುತ್ತ ಸುಳಿದಾಡುವವನು. ಅಚ್ಚಗನ್ನಡದ ‘ಆರೈಕೆ’ ಎಂಬುದು ‘ಆರಯ್’ ಎಂಬ ಹಳಗನ್ನಡದ ಕ್ರಿಯೆಗೆ ಸಂಬಂಧಿಸಿದುದು; ವಿಚಾರಿಸಿ ನೋಡು ಎಂದು ಅದರ ತಾತ್ಪರ್ಯ. ಆಡುಮಾತಿನ ‘ನೋಡಿಕೊಳ್ಳುವುದು’ ಎಂಬುದೂ ಅದೇ ಭಾವವನ್ನು ಹೇಳುತ್ತದೆ. ಕೇಳುವುದು, ಸುತ್ತುವುದು, ನೋಡುವುದು, ಈ ಮೂರರಲ್ಲಿಯೂ ದೃಷ್ಟಿಯೆಲ್ಲ ಹಾಸಿಗೆಯ ಕಡೆಗೇ. ರೋಗಿಗೆ ‘ಹಾಸಿಗೆ ಹಿಡಿದವರು’, ‘ಮೂಲೆ ಹಿಡಿದವರು’ ಎಂಬ ಹೆಸರುಗಳು ಬಳಕೆಯಲ್ಲಿವೆ. ಅವರ ದೆಸೆಯಿಂದ ಹೊಸ್ತಿಲು ದಾಟದೆ ಉಳಿದವರಿಗೆ ಅಂಥ ಒಂದು ಹೆಸರು ನಮ್ಮ ಆಡುಮಾತಿನಲ್ಲಿ ರೂಢವಾಗಿಲ್ಲ.

ಶಾಸ್ತ್ರದಲ್ಲಿಯೂ ಇದೇ ಕ್ರಮ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನನ್ನು ವೈದ್ಯನ ಸಾಲಿನಲ್ಲಿಯೇ ಎಣಿಸಿದುದು ಆ ಗ್ರಂಥದ ಹಿರಿಮೆ. ಉಪಚಾರದ ತಿಳಿವಳಿಕೆ, ಕೈಚಳಕ, ಒಡೆಯನಲ್ಲಿ ಅನುರಾಗ, ಶುಚಿತ್ವ ಎಂದು ಅವನಿಗೆ ನಾಲ್ಕು ಗುಣಗಳನ್ನು ಅಲ್ಲಿ ವಿಧಿಸಿದೆ. ಎರಡು ಅಂಶಗಳು ಇಲ್ಲಿ ಗಮನಿಸತಕ್ಕವು. ಒಂದು, ಆ ಪರಿಚಾರಕನು ಒಡೆಯನುಳ್ಳ ಸೇವಕ. ಮನೆಯ ಮಗಳೋ ಸೊಸೆಯೋ ಅಲ್ಲ. ಎರಡು, ಅವನಲ್ಲಿ ಏನಿರಬೇಕೆಂಬುದನ್ನು ಹೇಳಿದೆಯೇ ಹೊರತು ಅವನಿಗೆ ಏನು ಸಲ್ಲಬೇಕೆಂಬುದನ್ನು ಆ ಸಂದರ್ಭದಲ್ಲಿ ಹೇಳಿಲ್ಲ. ನಾಲ್ಕು ಪಾದಗಳಲ್ಲಿ ಒಂದು ಸವೆದರೆ ಮಂಚವು ಓರೆಯಾಗುವುದೆಂಬ ಮಾತನ್ನು ಓದುಗನೇ ಊಹಿಸಿಕೊಳ್ಳಬೇಕಾಗಿದೆ.

೩

ಇನ್ನು ಕಥೆಗಳು. ಮಾರ್ಕಂಡೇಯಪುರಾಣದಲ್ಲಿ ಬರುವ ಕೌಶಿಕನ ಪತ್ನಿಯ ವೃತ್ತಾಂತವು ಪುರಾಣಶ್ರವಣದಿಂದ ಅನೇಕರಿಗೆ ಪರಿಚಿತವಾಗಿದೆ. ಗಂಡನು ಕುಷ್ಠರೋಗಿ, ಹೆಂಡತಿ ಅವನ ವ್ರಣಗಳನ್ನು ತೊಳೆದು, ಉಣಿಸಿ, ಅವನ ಬೈಗುಳವನ್ನೂ ಸಹಿಸುತ್ತಾಳೆ. ಅವನು ವೇಶ್ಯೆಯೊಬ್ಬಳನ್ನು ಬಯಸಿದಾಗ ಅವನನ್ನು ಹೆಗಲ ಮೇಲೆ ಹೊತ್ತು ಕತ್ತಲೆಯಲ್ಲಿ ನಡೆಯುತ್ತಾಳೆ. ಶೂಲದ ಮೇಲಿದ್ದ ಮಾಂಡವ್ಯನಿಗೆ ಕೌಶಿಕನ ಕಾಲು ತಗುಲಿ, ಸೂರ್ಯೋದಯಕ್ಕೆ ಸಾಯೆಂದು ಋಷಿಯು ಶಪಿಸಲು, ಈಕೆ ಸೂರ್ಯನನ್ನೇ ತಡೆಯುತ್ತಾಳೆ. ಕಡೆಗೆ ಅನಸೂಯೆಯ ಮಧ್ಯಸ್ಥಿಕೆಯಿಂದ ಗಂಡನು ಯುವಕನಾಗಿ ಏಳುತ್ತಾನೆ.

ಬೆಳೆದ ಗಂಡಸೊಬ್ಬನನ್ನು ಹೆಗಲಮೇಲೆ ಹೊತ್ತು ಇರುಳಲ್ಲಿ ನಡೆದ ಈ ಹೆಂಗಸಿನ ಬೆನ್ನು ನೋಯಿತೆ ಎಂದು ಕಥೆಯು ವಿಚಾರಿಸುವುದಿಲ್ಲ. ಆಕೆಯ ಬಲವು ಮೈಯದಲ್ಲ, ಪಾತಿವ್ರತ್ಯದ್ದು, ಆದುದರಿಂದ ಸವೆಯತಕ್ಕದ್ದಲ್ಲ. ಫಲವೂ ರೋಗಿಗೇ: ಯೌವನ ಮರಳಿದುದು ಅವನಿಗೆ.

ಜೈನಕಥಾಸಾಹಿತ್ಯದ ಉದ್ದಾಯನರಾಜನ ಕಥೆ ಇದಕ್ಕಿಂತ ಸೂಕ್ಷ್ಮವಾದುದು. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ‘ನಿರ್ವಿಚಿಕಿತ್ಸೆ’, ಎಂದರೆ ಹೇಸಿಗೆಪಡದಿರುವುದು, ಒಂದು. ಅದಕ್ಕೆ ದೃಷ್ಟಾಂತ ಈ ಅರಸ. ದೇವನೊಬ್ಬನು ಅವನನ್ನು ಪರೀಕ್ಷಿಸಲು ರೋಗಗ್ರಸ್ತನಾದ ಮುನಿಯ ರೂಪದಲ್ಲಿ ಬಂದು, ಉಂಡು, ಅರಸನ ಮೈಮೇಲೆಯೇ ಕಾರಿಕೊಳ್ಳುತ್ತಾನೆ. ಅರಸನು ಹೇಸದೆ ತೊಳೆದು, ತಾನು ನೀಡಿದ ಆಹಾರದಲ್ಲಿಯೇ ದೋಷವಿದ್ದಿರಬೇಕೆಂದು ತನ್ನನ್ನು ಹಳಿದುಕೊಳ್ಳುತ್ತಾನೆ. ಇಲ್ಲಿ ಕಥೆಗಾರನ ಕಣ್ಣು ಒಂದು ಕ್ಷಣವಾದರೂ ಪರಿಚಾರಕನ ಮನಸ್ಸಿನೊಳಕ್ಕೆ ಹೋಗಿದೆ. ಸೇವೆ ಮಾಡುವವನಿಗೆ ಹೇಸಿಗೆ ಬರಬಹುದು, ಅದನ್ನು ಗೆಲ್ಲಬೇಕಾಗುತ್ತದೆ ಎಂಬುದನ್ನು ಒಪ್ಪಿಕೊಂಡುದು ಸಣ್ಣ ಸಂಗತಿಯಲ್ಲ. ರೋಗಿಯ ಸ್ಥಿತಿ ಕೆಟ್ಟಾಗ ‘ನನ್ನಿಂದಲೇ ಹೀಗಾಯಿತು’ ಎಂದು ಪರಿಚಾರಕನು ತನ್ನನ್ನೇ ಹಳಿದುಕೊಳ್ಳುವುದನ್ನೂ ಈ ಕಥೆ ಕಂಡಿದೆ. ಅದನ್ನು ಗುಣವೆಂದು ಬಗೆದಿದೆ.

ಆದರೆ ಎರಡು ಕಥೆಗಳಿಗೂ ಒಂದು ಕೊರತೆ ಸಮಾನವಾಗಿದೆ. ಅದು ಕಾಲದ ಕೊರತೆ. ಕೌಶಿಕನ ಪತ್ನಿಯ ಪರೀಕ್ಷೆ ಒಂದು ಇರುಳಿನದು. ಉದ್ದಾಯನನದು ಒಂದು ಊಟದ ಹೊತ್ತಿನದು. ದೇವತೆ ನಿಜರೂಪವನ್ನು ತೋರಿದೊಡನೆ ಶ್ರಮವು ಮುಗಿಯುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರು ಹಾಗೆ ನಿಜರೂಪವನ್ನು ತೋರುವುದಿಲ್ಲ. ನಾಳೆಯೂ ಅದೇ ತೊಳೆಯುವಿಕೆ, ನಾಡಿದ್ದೂ ಅದೇ. ಮಹಾಕಾರ್ಯವನ್ನು ಒಮ್ಮೆ ಮಾಡುವ ವೀರರು ಪುರಾಣಗಳಲ್ಲಿ ಬಹಳ. ಸಣ್ಣ ಕಾರ್ಯವನ್ನು ಏಳು ಸಾವಿರ ಸಲ ಮಾಡಿದವರ ಕಥೆ ಅಲ್ಲಿ ದುರ್ಲಭ.

೪

ಆ ಏಳು ಸಾವಿರ ದಿನಗಳನ್ನು ಕನ್ನಡ ಕಾದಂಬರಿಯೊಳಕ್ಕೆ ತಂದುದು ‘ಸಂಸ್ಕಾರ’ದ ಆರಂಭ. ದೂರ್ವಾಸಪುರದ ಪ್ರಾಣೇಶಾಚಾರ್ಯರು ರೋಗಿಷ್ಠೆಯಾದ ಹೆಂಡತಿ ಭಾಗೀರಥಿಗೆ ಸ್ನಾನಮಾಡಿಸಿ, ಸೀರೆಯುಡಿಸಿ, ಪೂಜೆ ಮುಗಿಸಿ, ತೀರ್ಥಪ್ರಸಾದಗಳನ್ನು ಕೊಟ್ಟು, ಗಂಜಿ ಕುಡಿಸುವುದರಿಂದ ಕಥೆ ಮೊದಲಾಗುತ್ತದೆ. ಇದು ಇಪ್ಪತ್ತು ವರ್ಷಗಳಿಂದ ತಪ್ಪದೆ ನಡೆದುಬಂದ ದಿನಚರಿ. ವಿಮರ್ಶಕರ ಗಮನವೆಲ್ಲ ನಾರಣಪ್ಪನ ಶವದ ಕಡೆಗೂ, ಅದರ ಸಂಸ್ಕಾರದ ಕಡೆಗೂ, ಚಂದ್ರಿಯ ಕಡೆಗೂ ಹರಿದು, ಈ ದಿನಚರಿಯು ನಾಯಕನ ವೈರಾಗ್ಯಕ್ಕೆ ಒಂದು ಗುರುತಾಗಿ ಮಾತ್ರ ಉಳಿದುಬಿಡುತ್ತದೆ. ಆದರೆ ಇಡೀ ಕಾದಂಬರಿಯ ಕೀಲು ಇರುವುದು ಇಲ್ಲಿ.

ಆಚಾರ್ಯರು ಈ ಸೇವೆಯನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ? ರೋಗಿಷ್ಠೆಯನ್ನು ಕೈಹಿಡಿದುದು ತಮ್ಮ ಮೋಕ್ಷಕ್ಕೆ ಸಾಧನ, ತಾವು ಪಕ್ವವಾಗುವ ಬಗೆ ಎಂದು. ಈ ಅರ್ಥದ ಬಲದಿಂದ ಅವರು ಇಪ್ಪತ್ತು ವರ್ಷ ದಣಿವನ್ನು ಅರಿಯದೆ ನಡೆದಿದ್ದಾರೆ. ಸೇವೆಗೆ ಅರ್ಥವಿದ್ದರೆ ಅದು ಹಗುರಾಗುವುದೆಂಬುದು ಸತ್ಯ. ಆದರೆ ಅನಂತಮೂರ್ತಿಯವರು ಕಂಡುಕೊಂಡುದು ಇದರ ಇನ್ನೊಂದು ಮಗ್ಗುಲನ್ನು. ದಣಿವನ್ನು ತಪಸ್ಸೆಂದು ಕರೆದೊಡನೆ ದಣಿವು ಹೋಗುವುದಿಲ್ಲ. ಅದರ ಹೆಸರು ಮಾತ್ರ ಹೋಗುತ್ತದೆ. ಹೆಸರಿಲ್ಲದೆ ಒಳಗೆ ಉಳಿದುದು ಹೊರಗೆ ಬರಲು ಬೇರೆ ದಾರಿಯನ್ನು ಹುಡುಕುತ್ತದೆ.

ಕಾಡಿನ ಪ್ರಸಂಗವನ್ನು ಈ ದೃಷ್ಟಿಯಿಂದ ಓದಬೇಕು. ಶವವು ಅಗ್ರಹಾರದಲ್ಲಿರುವಾಗ ಉಣ್ಣುವಂತಿಲ್ಲ, ಆಚಾರ್ಯರು ಹಸಿದಿದ್ದಾರೆ. ಮಾರುತಿಯ ಗುಡಿಯಲ್ಲಿ ಕಾದು ಉತ್ತರ ಸಿಗದೆ ಹಿಂತಿರುಗುವ ದಾರಿಯಲ್ಲಿ ಚಂದ್ರಿಯ ಸ್ಪರ್ಶವಾಗುತ್ತದೆ. ಆ ಗಳಿಗೆಯಲ್ಲಿ ಅವರ ಬಾಯಿಂದ ಹೊರಡುವುದು ತಾಯಿಯನ್ನು ಕರೆಯುವ ಕೂಗು. ಚಂದ್ರಿ ಮಡಿಲಿನಲ್ಲಿದ್ದ ಬಾಳೆಯ ಹಣ್ಣನ್ನು ತಿನ್ನಿಸುತ್ತಾಳೆ. ಇದನ್ನು ಕಾಮದ ಜಾಗೃತಿಯೆಂದು ಹೇಳಿ ಮುಗಿಸುವುದು ಅರ್ಧ ಓದು. ಇಪ್ಪತ್ತು ವರ್ಷ ಇನ್ನೊಬ್ಬರಿಗೆ ಉಣಿಸಿದವನಿಗೆ ಅಂದು ಒಬ್ಬರು ಉಣಿಸಿದರು. ಮುಟ್ಟಿ, ತೊಳೆದು, ಎತ್ತಿ ಕೂರಿಸಿದವನನ್ನು ಅಂದು ಇನ್ನೊಬ್ಬರು ಮುಟ್ಟಿದರು. ಆರೈಕೆಯು ಎಂದೂ ಒಂದೇ ದಿಕ್ಕಿಗೆ ಹರಿಯುತ್ತಿದ್ದ ಬಾಳಿನಲ್ಲಿ ಅದು ಮೊದಲ ಬಾರಿಗೆ ಹಿಮ್ಮುಖವಾಗಿ ಹರಿದುದೇ ಈ ಪ್ರಸಂಗದ ತಿರುಳು.

ಇದರ ಪರಿಣಾಮವೂ ಅಷ್ಟೇ ಕ್ರೂರವಾಗಿದೆ. ಮನೆಗೆ ಬಂದು ಹೆಂಡತಿಗೆ ಸ್ನಾನಮಾಡಿಸುವಾಗ ಆಚಾರ್ಯರಿಗೆ ಅವಳ ಮೈಯ ಬತ್ತಿದ ವಿಕಾರವು ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಉದ್ದಾಯನನು ಗೆದ್ದ ಹೇಸಿಗೆ ಇಲ್ಲಿ ಗೆಲ್ಲುತ್ತದೆ. ಆದರೆ ಗಮನಿಸಿ: ಅದಕ್ಕೆ ಮೊದಲು ಆಚಾರ್ಯರು ಹೇಸಿಗೆಯನ್ನು ಗೆದ್ದಿದ್ದರೆಂದು ಹೇಳುವಂತಿಲ್ಲ, ನೋಡಿಯೇ ಇರಲಿಲ್ಲವೆಂದು ಹೇಳಬೇಕು. ಅವರು ಇಪ್ಪತ್ತು ವರ್ಷ ನೋಡಿಕೊಂಡರು, ನೋಡಲಿಲ್ಲ. ತಪಸ್ಸಿನ ಸಾಧನವಾಗಿದ್ದುದು ಅಂದು ಒಬ್ಬ ಹೆಂಗಸಿನ ಮೈಯಾಗಿ ಕಂಡಿತು. ಸೇವೆಯನ್ನು ಮೋಕ್ಷದ ಸೋಪಾನವಾಗಿ ಮಾಡಿಕೊಂಡವನು ಕಳೆದುಕೊಳ್ಳುವುದು ತನ್ನ ಮೈಯನ್ನಷ್ಟೇ ಅಲ್ಲ, ರೋಗಿಯನ್ನೂ ಎಂಬ ಈ ತೀರ್ಪು ನಮ್ಮ ಸಾಹಿತ್ಯದಲ್ಲಿ ಬಹುಬೆಲೆಯುಳ್ಳದ್ದು.

ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಅಗ್ರಹಾರವೆಲ್ಲ ಆಚಾರ್ಯರ ಪಾಂಡಿತ್ಯವನ್ನೂ ತ್ಯಾಗವನ್ನೂ ಕೊಂಡಾಡುತ್ತದೆ. ಧರ್ಮಸಂಕಟ ಬಂದಾಗ ಅವರ ಬಾಗಿಲಿಗೆ ಬಂದು ಕುಳಿತುಕೊಳ್ಳುತ್ತದೆ. ಕೊಂಡಾಡಿದವರು ಒಂದು ಹೊತ್ತು ಸರದಿ ಹಿಡಿದುದನ್ನು ಮಾತ್ರ ಕಾದಂಬರಿ ಕಾಣಿಸುವುದಿಲ್ಲ. ಆಚಾರ್ಯರ ಕ್ಷೇಮವನ್ನು ಕುರಿತು ಚಿಂತಿಸುವವಳು ಒಬ್ಬಳೇ, ಅವಳು ಭಾಗೀರಥಿ. ಊಟಮಾಡಿರೆಂದು ನೆನಪುಮಾಡುವವಳೂ ಅವಳೇ. ಇನ್ನೊಂದು ಮದುವೆಯಾಗಿರೆಂದು ಹೇಳುವವಳೂ ಅವಳೇ. ಆ ಮಾತನ್ನು ಆಚಾರ್ಯರು ನಕ್ಕು ಕಳೆಯುತ್ತಾರೆ. ಓದುಗರೂ ಅದನ್ನು ಪಾತಿವ್ರತ್ಯದ ಮಾತೆಂದು ದಾಟಿಹೋಗುತ್ತಾರೆ. ವಾಸ್ತವವಾಗಿ ಪರಿಚಾರಕನ ದಣಿವನ್ನು ಕಂಡ ಏಕೈಕ ಪಾತ್ರ ರೋಗಿಯದೇ.

೫

ಇಷ್ಟನ್ನು ಒಪ್ಪಿದ ಮೇಲೆ ಕಾದಂಬರಿಯ ಮಿತಿಯನ್ನೂ ಹೇಳಬೇಕು. ಭಾಗೀರಥಿ ಪ್ಲೇಗಿನಿಂದ ಸಾಯುತ್ತಾಳೆ. ಆಚಾರ್ಯರು ಅವಳ ದಹನವನ್ನು ಮುಗಿಸಿ ಊರನ್ನು ಬಿಟ್ಟು ನಡೆಯುತ್ತಾರೆ. ಉಳಿದ ಕಥೆಯೆಲ್ಲ ಆ ನಡಿಗೆಯ ಮಂಥನ. ಬಿಡುಗಡೆಯ ಪ್ರಶ್ನೆಯನ್ನು ಲೇಖಕರು ಹೀಗೆ ಮಾರಿಯ ಕೈಗೆ ಒಪ್ಪಿಸಿದರು. ಹೇಸಿಗೆ ಹುಟ್ಟಿದ ಮಾರನೆಯ ದಿನವೂ, ಅದರ ಮಾರನೆಯ ದಿನವೂ, ಭಾಗೀರಥಿ ಬದುಕಿಯೇ ಇದ್ದಿದ್ದರೆ ಆಚಾರ್ಯರು ಏನು ಮಾಡುತ್ತಿದ್ದರು? ಹೇಸಿಗೆಯನ್ನೂ ಕರುಣೆಯನ್ನೂ ಒಂದೇ ಕೈಯಲ್ಲಿ ಹಿಡಿದು ಗಂಜಿ ಕುಡಿಸುವ ಬೆಳಗನ್ನು ಕಾದಂಬರಿ ಬರೆಯಲಿಲ್ಲ. ನಿಜವಾದ ಪರಿಚಾರಕರೆಲ್ಲರೂ ಬದುಕುವುದು ಆ ಬೆಳಗಿನಲ್ಲಿ.

ಕಾದಂಬರಿಯಿಂದ ಇದನ್ನು ಅಪೇಕ್ಷಿಸುವುದು ನ್ಯಾಯವೇ, ಅದರ ಉದ್ದೇಶವೇ ಬೇರೆಯಲ್ಲವೆ ಎಂದು ಆಕ್ಷೇಪಿಸಬಹುದು. ಒಂದೇ ಕೃತಿಯ ಮಾತಾಗಿದ್ದರೆ ಆ ಆಕ್ಷೇಪವು ಸರಿ. ಆದರೆ ಬೇರೆ ಕಡೆ ನೋಡಿದರೂ ಈ ತೆರವು ಹಾಗೆಯೇ ಕಾಣುತ್ತದೆ. ತ್ರಿವೇಣಿಯವರ ‘ಶರಪಂಜರ’ವನ್ನು ತೆಗೆದುಕೊಳ್ಳಿ. ೧೯೭೨ರ ಚಲಚ್ಚಿತ್ರದಿಂದ ಅದು ಓದದವರಿಗೂ ತಿಳಿದಿದೆ. ಚಿತ್ತಭ್ರಮೆಗೆ ಸಿಕ್ಕಿ ಗುಣಹೊಂದಿ ಮನೆಗೆ ಬಂದ ಕಾವೇರಿಯನ್ನು ಮನೆಯವರು ಮನಸ್ಸಿನೊಳಕ್ಕೆ ಸೇರಿಸಿಕೊಳ್ಳುವುದಿಲ್ಲ. ಗಂಡನ ಮನಸ್ಸು ಬೇರೆಯ ಕಡೆ ತಿರುಗಿದೆ. ರೋಗಿಯ ಒಳಗನ್ನು ಅಷ್ಟು ಮರುಕದಿಂದ ತೆರೆದು ತೋರಿದ ಕಾದಂಬರಿಗಳು ನಮ್ಮಲ್ಲಿ ವಿರಳ. ಆದರೆ ಅಲ್ಲಿ ಮನೆಯವರು ಕೈಬಿಟ್ಟವರು, ಕಟಕಟೆಯಲ್ಲಿ ನಿಂತವರು. ಅವರು ಅಂಜಿದರೆ, ದಣಿದರೆ, ನಿದ್ದೆಗೆಟ್ಟರೆ ಎಂಬ ವಿಚಾರಕ್ಕೆ ಎಡೆ ಸ್ವಲ್ಪ.

ಹೀಗೆ ನಮ್ಮ ಕಥನಸಾಹಿತ್ಯದ ಹೆದ್ದಾರಿಯಲ್ಲಿ ಎರಡು ಬಗೆಯ ಪರಿಚಾರಕರು ಎದುರಾಗುತ್ತಾರೆ: ದಣಿಯದ ಸಂತರು, ಕೈಬಿಟ್ಟ ದ್ರೋಹಿಗಳು. ಮೂರನೆಯವರು, ಎಂದರೆ ಕೈಬಿಡದೆ ದಣಿದವರು, ಅಲ್ಲಿ ಅಪರೂಪ. ಸೋಲೂರಿನಂಥ ಊರಿನಲ್ಲಿ ಇದರ ಫಲವೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ‘ನನ್ನ ಕೈಯಲ್ಲಿ ಆಗುತ್ತಿಲ್ಲ’ ಎಂದು ಸೊಸೆಯೊಬ್ಬಳು ಬಾಯಿಬಿಟ್ಟರೆ ಕೇಳಿದವರಲ್ಲಿ ಇರುವುದು ಎರಡೇ ಪಾತ್ರಗಳ ಪಟ್ಟಿ. ಸಂತಳ ಸ್ಥಾನದಿಂದ ಇಳಿದೊಡನೆ ಅವಳು ದ್ರೋಹಿಯ ಸ್ಥಾನಕ್ಕೆ ಬೀಳುತ್ತಾಳೆ. ಆದುದರಿಂದ ಅವಳು ಬಾಯಿಬಿಡುವುದಿಲ್ಲ. ಹೊಗಳಿಕೆಯು ಇಲ್ಲಿ ಬಾಯಿಗೆ ಹಾಕಿದ ಬೀಗ.

೬

ಈ ಬೀಗವನ್ನು ತೆಗೆಯುವ ಒಂದು ಪ್ರಯತ್ನವು ಸಾಹಿತ್ಯದಿಂದಲ್ಲ, ವೈದ್ಯಶಾಸ್ತ್ರದಿಂದ, ಅದೂ ಬೆಂಗಳೂರಿನಿಂದಲೇ ನಡೆಯಿತು. ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ (ನಿಮ್ಹಾನ್ಸ್) ಎಸ್. ಪೈ, ಆರ್. ಎಲ್. ಕಪೂರ್ ಇವರು ೧೯೮೧ರಲ್ಲಿ, ಮನೋರೋಗಿಯಿಂದ ಕುಟುಂಬದ ಮೇಲೆ ಬೀಳುವ ಹೊರೆಯನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ಇಪ್ಪತ್ತನಾಲ್ಕು ಅಂಶಗಳು, ಆರು ಶೀರ್ಷಿಕೆಗಳು: ಹಣದ ತೊಂದರೆ, ಮನೆಯ ದಿನಚರಿಯ ಕೇಡು, ವಿರಾಮದ ನಷ್ಟ, ಮನೆಯವರ ಪರಸ್ಪರ ಸಂಬಂಧದ ಬಿರುಕು, ಇತರರ ದೇಹಾರೋಗ್ಯದ ಮೇಲೆ ಆದ ಪರಿಣಾಮ, ಇತರರ ಮನಸ್ಸಿನ ಮೇಲೆ ಆದ ಪರಿಣಾಮ. ಒಂದೊಂದು ಅಂಶಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಕಡೆಯಲ್ಲಿ, ಈ ರೋಗದ ದೆಸೆಯಿಂದ ಒಟ್ಟಿನ ಮೇಲೆ ನೀವು ಎಷ್ಟು ಕಷ್ಟಪಟ್ಟಿದ್ದೀರಿ ಎಂಬ ಅರ್ಥದ ಒಂದು ಪ್ರಶ್ನೆ.

ಸಾಹಿತ್ಯಪತ್ರಿಕೆಯಲ್ಲಿ ಪ್ರಶ್ನಾವಳಿಯ ಮಾತೇಕೆಂದು ಕೇಳುವವರಿಗೆ ಉತ್ತರವಿಷ್ಟೆ: ಯಾವುದನ್ನು ಕಥೆಗಳು ಕೇಳಲಿಲ್ಲವೋ ಅದನ್ನು ಈ ಒಣಗದ್ಯ ಕೇಳಿತು. ಕೌಶಿಕನ ಪತ್ನಿಯ ಮುಂದೆ ಇದನ್ನಿಟ್ಟಿದ್ದರೆ ಐದನೆಯ ಶೀರ್ಷಿಕೆಯಲ್ಲಿ ಅವಳ ಬೆನ್ನಿಗೆ ಒಂದು ಸಾಲು ದೊರೆಯುತ್ತಿತ್ತು. ಆದರೆ ಇದರಲ್ಲಿಯೂ ವಿಮರ್ಶೆಗೆ ಎಡೆಯುಂಟು. ಹೊರೆ ಹೊರುವ ವ್ಯಕ್ತಿಯೆಂದು ಇದು ಎಣಿಸಿದುದು ‘ಕುಟುಂಬ’ವನ್ನು. ಕುಟುಂಬಕ್ಕೆ ನಿದ್ದೆಗೆಡುವುದಿಲ್ಲ; ಅದರೊಳಗಿನ ಒಬ್ಬರಿಗೆ ನಿದ್ದೆಗೆಡುತ್ತದೆ. ಯಜಮಾನನು ಉತ್ತರ ಹೇಳಿದರೆ ಹಣದ ತೊಂದರೆ ದೊಡ್ಡದಾಗಿಯೂ, ಸೊಸೆ ಹೇಳಿದರೆ ಇರುಳಿನ ಎಚ್ಚರ ದೊಡ್ಡದಾಗಿಯೂ ಬರೆಯಲ್ಪಡಬಹುದು. ಭಾರತ ಸರ್ಕಾರದ ೨೦೨೪ರ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ೧೫ರಿಂದ ೫೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೪೧ ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿ ದಿನಕ್ಕೆ ಸುಮಾರು ೧೪೦ ನಿಮಿಷಗಳನ್ನು ಕಳೆಯುತ್ತಾರೆ. ಗಂಡಸರಲ್ಲಿ ನೂರಕ್ಕೆ ೨೧.೪, ಅವರ ಹೊತ್ತು ೭೪ ನಿಮಿಷ. ಮಕ್ಕಳ ಲಾಲನೆಯೂ ಈ ಲೆಕ್ಕದಲ್ಲಿ ಸೇರಿದೆ. ಆದರೂ ಭಾರ ಯಾವ ಕಡೆ ವಾಲಿದೆಯೆಂಬುದರಲ್ಲಿ ಸಂದೇಹವಿಲ್ಲ. ಕನ್ನಡದ ಅತ್ಯಂತ ಪ್ರಸಿದ್ಧ ಪರಿಚಾರಕನ ಪಾತ್ರ ಗಂಡಸಿನದಾದುದಕ್ಕೂ ಇದೇ ಕಾರಣವಿರಬೇಕು. ಗಂಡಸು ಹೆಂಡತಿಗೆ ಗಂಜಿ ಕುಡಿಸಿದರೆ ಅದು ಕಥೆಯಾಗುತ್ತದೆ. ಹೆಂಗಸು ಕುಡಿಸಿದರೆ ಅದು ಅಡಿಗೆಮನೆಯ ಕೆಲಸದಲ್ಲಿ ಸೇರಿಹೋಗುತ್ತದೆ.

ದಣಿವು ಮನಸ್ಸಿನ ಕಲ್ಪನೆಯಲ್ಲವೆಂಬುದಕ್ಕೆ ಹೊರನಾಡಿನ ಸಂಶೋಧನೆಗಳು ಸಾಕ್ಷಿ. ಅಮೆರಿಕಾದ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು ೧೯೯೫ರಲ್ಲಿ, ಮರೆವಿನ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಹದಿಮೂರು ಹೆಂಗಸರ ತೋಳಿನಲ್ಲಿ ಸಣ್ಣ ಗಾಯವೊಂದನ್ನು ಮಾಡಿ, ಅಂಥ ಹೊಣೆಯಿಲ್ಲದ ಹದಿಮೂರು ಹೆಂಗಸರೊಡನೆ ಹೋಲಿಸಿದರು. ಮೊದಲ ಗುಂಪಿನವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಶುಲ್ಟ್ಸ್ ಮತ್ತು ಬೀಚ್ ಎಂಬವರು ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ನೋಡಿಕೊಳ್ಳುತ್ತ ಅದರಿಂದ ಬಳಲುತ್ತಿದ್ದ ವೃದ್ಧರಲ್ಲಿ ನಾಲ್ಕು ವರ್ಷಗಳೊಳಗೆ ಸಾಯುವ ಸಂಭವವು ಅಂಥ ಹೊಣೆಯಿಲ್ಲದವರಿಗಿಂತ ನೂರಕ್ಕೆ ೬೩ರಷ್ಟು ಹೆಚ್ಚಾಗಿತ್ತು. ಆದರೆ ಬಳಲಿಕೆಯಿಲ್ಲದೆ ನೋಡಿಕೊಳ್ಳುತ್ತಿದ್ದವರಲ್ಲಿ ಅಂಥ ಗಣನೀಯ ಹೆಚ್ಚಳ ಕಾಣಲಿಲ್ಲ. ಇದಕ್ಕೆ ಪೂರಕವಾಗಿ ರಾತ್ ಮತ್ತು ಸಂಗಡಿಗರು ೨೦೧೩ರಲ್ಲಿ ೩,೫೦೩ ಪರಿಚಾರಕರನ್ನು ಅವರಂತೆಯೇ ಇದ್ದ ಇತರರೊಡನೆ ಹೋಲಿಸಿ, ಸುಮಾರು ಆರು ವರ್ಷಗಳ ಅವಧಿಯಲ್ಲಿ ಪರಿಚಾರಕರ ಮರಣಪ್ರಮಾಣವು ನೂರಕ್ಕೆ ೧೮ರಷ್ಟು ಕಡಮೆಯೆಂದು ಕಂಡರು.

ಈ ಫಲಿತಾಂಶಗಳು ಒಂದನ್ನೊಂದು ಅಳಿಸುವುದಿಲ್ಲ. ನೋಡಿಕೊಳ್ಳುವುದೇ ವಿಷವಲ್ಲ, ಪ್ರೀತಿಯವರಿಗೆ ಕೈಯಾಸರೆಯಾಗುವುದು ಬಾಳಿಗೆ ಬಲವನ್ನೇ ಕೊಡಬಹುದು. ವಿಷವಾಗುವುದು ಬಿಡುವಿಲ್ಲದ, ಸರದಿಯಿಲ್ಲದ, ಹೇಳಿಕೊಳ್ಳಲಾಗದ ಬಳಲಿಕೆ. ಸೇವೆಯನ್ನು ಅಳೆಯುವುದು ಸೇವಾಧರ್ಮಕ್ಕೆ ಅಪಮಾನವೆನ್ನುವವರು ಈ ವ್ಯತ್ಯಾಸವನ್ನು ಮನಗಾಣಬೇಕು. ಅಳೆಯುತ್ತಿರುವುದು ಧರ್ಮವನ್ನಲ್ಲ, ಒಂಟಿತನವನ್ನು.

೭

ಹಾಗಾದರೆ ಮೂರನೆಯ ಪರಿಚಾರಕಳ ದನಿ ಕನ್ನಡದಲ್ಲಿ ಎಲ್ಲಿಯೂ ಇಲ್ಲವೆ? ಗ್ರಂಥಸ್ಥ ಸಾಹಿತ್ಯದ ಹೆದ್ದಾರಿಯನ್ನು ಬಿಟ್ಟು ಕಾಲುದಾರಿಗೆ ಇಳಿದರೆ ಅದು ಕೇಳಿಬರುತ್ತದೆ. ಬೀಸುವ ಕಲ್ಲಿನ ಮುಂದೆ ನಸುಕಿನಲ್ಲಿ ಹೆಂಗಸರು ಹಾಡಿಕೊಂಡ ತ್ರಿಪದಿಗಳಲ್ಲಿ ಅತ್ತೆಮನೆಯ ದುಡಿಮೆ, ತೋಳಿನ ನೋವು, ತವರಿನ ಹಂಬಲ ಇವು ಮತ್ತೆ ಮತ್ತೆ ಬರುವ ವಸ್ತುಗಳು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ಈ ಸೀಮೆಯ ಹಾಡು-ಬಾಳುವೆಗಳಿಗೆ ಒಂದು ನೆಲೆಯನ್ನು ಕಲ್ಪಿಸಿದರು. ತವರಿನ ಹಾಡುಗಳನ್ನು ವಿದ್ವಾಂಸರು ತಾಯಿಪ್ರೀತಿಯ ಹಾಡುಗಳೆಂದು ವರ್ಗೀಕರಿಸುವುದು ವಾಡಿಕೆ. ಅವು ದಣಿವಿನ ಹಾಡುಗಳೂ ಹೌದು. ತವರು ಎಂಬುದು ಪ್ರೀತಿಯ ಸ್ಥಳವಾಗಿರುವಂತೆಯೇ ಕೆಲಸ ನಿಲ್ಲುವ ಸ್ಥಳವೂ ಆಗಿದೆ.

ನಮ್ಮ ಹಿರಿಯರ ನಡವಳಿಕೆಯಲ್ಲಿ ಇದಕ್ಕೆ ವ್ಯವಸ್ಥೆಯೇ ಇತ್ತು. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗುವುದು, ಗೌರಿಹಬ್ಬಕ್ಕೆ ತವರಿನವರು ಕರೆಯುವುದು ಅಥವಾ ಬಾಗಿನ ಕಳುಹಿಸುವುದು, ಚೊಚ್ಚಲ ಬಾಣಂತನ ತಾಯಿಯ ಮನೆಯಲ್ಲಿ ನಡೆಯುವುದು, ಇವೆಲ್ಲ ಆಚಾರಗಳೆಂಬ ಹೆಸರಿನಲ್ಲಿ ದೊರೆಯುತ್ತಿದ್ದ ಬಿಡುವು. ಬಾಣಂತನವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಆರೈಕೆಗೆ ಗೊತ್ತಾದ ಅವಧಿಯುಂಟು. ಯಾರು ಮಾಡಬೇಕೆಂಬ ನಿಯಮವುಂಟು. ಪಥ್ಯ, ಎಣ್ಣೆನೀರು, ವಿಶ್ರಾಂತಿ ಇವುಗಳ ಕ್ರಮವುಂಟು. ಹೆತ್ತವಳಿಗೆ ಇಷ್ಟು ವಿಚಾರ ಮಾಡಿದ ಸಮಾಜವು, ಹತ್ತು ವರ್ಷ ಹಾಸಿಗೆ ಹಿಡಿದವರನ್ನು ನೋಡಿಕೊಂಡವಳಿಗೆ ಅವಧಿಯನ್ನೂ ಸರದಿಯನ್ನೂ ಗೊತ್ತುಮಾಡಲಿಲ್ಲ. ಅಷ್ಟೇ ಅಲ್ಲ, ಮನೆಯಲ್ಲಿ ಒಬ್ಬರು ಮೂಲೆ ಹಿಡಿದೊಡನೆ ಮೊದಲು ನಿಂತುಹೋಗುವುದು ಸೊಸೆಯ ತವರಿನ ಪಯಣವೇ. ಬಿಡುವು ಹೆಚ್ಚಾಗಿ ಬೇಕಾದ ಕಾಲದಲ್ಲಿಯೇ ಅದು ಕೈತಪ್ಪುತ್ತದೆ.

ಕಾನೂನಿನ ಭಾಷೆಯಲ್ಲಿ ಈಚೆಗೆ ಒಂದು ಬದಲಾವಣೆ ಕಾಣುತ್ತದೆ. ತಂದೆತಾಯಿಗಳ ಪೋಷಣೆಯನ್ನು ಕುರಿತ ೨೦೦೭ರ ಅಧಿನಿಯಮವು ಮಕ್ಕಳ ಕರ್ತವ್ಯವನ್ನು ವಿಧಿಸಿತು. ಅಂಗವಿಕಲರ ಹಕ್ಕುಗಳನ್ನು ಕುರಿತ ೨೦೧೬ರ ಅಧಿನಿಯಮವು ‘ಆರೈಕೆದಾರ’ನೆಂಬ ವ್ಯಕ್ತಿಯನ್ನು ಹೆಸರಿಸಿ, ಸಂಬಳ ಪಡೆದೋ ಪಡೆಯದೆಯೋ ನೋಡಿಕೊಳ್ಳುವ ತಂದೆತಾಯಿಗಳನ್ನೂ ಮನೆಯವರನ್ನೂ ಆ ಹೆಸರಿನಲ್ಲಿ ಸೇರಿಸಿತು. ಆಡುಮಾತು ಕೊಡದ ಹೆಸರನ್ನು ಶಾಸನ ಕೊಟ್ಟಿತು. ಆದರೆ ಅದೇ ಶಾಸನವು ಆರೈಕೆದಾರರ ಭತ್ಯೆಯನ್ನು ಹೇಳುವಾಗ, ಅದು ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಸಲ್ಲುವ ಭತ್ಯೆಯೆಂದು ಬರೆದಿದೆ. ಹೆಸರು ಪರಿಚಾರಕಳದು, ಹಕ್ಕು ರೋಗಿಯದು. ಚರಕನ ಕಾಲದಿಂದ ಬಂದ ವಾಕ್ಯರಚನೆ ಇನ್ನೂ ಪೂರ್ತಿಯಾಗಿ ಬದಲಾಗಿಲ್ಲ.

ಒಟ್ಟಿನ ಮೇಲೆ ಈ ವಿಚಾರದಿಂದ ತೇಲುವ ಅಂಶವಿಷ್ಟು. ನಮ್ಮ ಪುರಾಣಕಥೆಗಳು ಪರಿಚಾರಕರ ಗುಣವನ್ನು ಕಂಡವು, ಕಾಲವನ್ನು ಕಾಣಲಿಲ್ಲ. ‘ಸಂಸ್ಕಾರ’ವು ಕಾಲವನ್ನು ತಂದಿತು; ತಪಸ್ಸೆಂಬ ಹೆಸರು ದಣಿವನ್ನು ಹೇಗೆ ಮುಚ್ಚಿ ಕಡೆಗೆ ರೋಗಿಯನ್ನೂ ಮರೆಮಾಡುವುದೆಂಬುದನ್ನು ತೋರಿತು; ಆದರೆ ದಣಿದ ಮೇಲೂ ನಿಲ್ಲುವವರ ಬೆಳಗನ್ನು ಬರೆಯಲಿಲ್ಲ. ಆ ಬೆಳಗು ಬೀಸುವ ಕಲ್ಲಿನ ಹಾಡಿನಲ್ಲಿ ಚೂರುಚೂರಾಗಿ ಉಳಿದಿದೆ. ಅದನ್ನು ಗುರುತಿಸಿ ಓದುವುದು ವಿಮರ್ಶಕರ ಹೊಣೆ. ಹಾಡುಗಳನ್ನು ಸಂಗ್ರಹಿಸುವವರು ಹಾಡಿದವಳು ಯಾರನ್ನು ನೋಡಿಕೊಳ್ಳುತ್ತಿದ್ದಳೆಂಬುದನ್ನೂ ಬರೆದಿಟ್ಟರೆ ಆ ಕೆಲಸಕ್ಕೆ ನೆರವಾದೀತು. ಪರಿಚಾರಕಳನ್ನು ಹೊಗಳುವವರು, ಹೊಗಳುವ ಮೊದಲು, ಗೌರಿಹಬ್ಬಕ್ಕೆ ಅವಳು ತವರಿಗೆ ಹೋಗಿಬರುವಷ್ಟು ದಿನ ಆ ಹಾಸಿಗೆಯ ಮಗ್ಗುಲಲ್ಲಿ ತಾವು ಕುಳಿತುಕೊಳ್ಳಬಲ್ಲರೇ ಎಂದು ವಿಚಾರಿಸಿಕೊಳ್ಳುವುದು ಯುಕ್ತ.